ಪುಟ್ಟ ಎಡಿಟರಿನ ಮೊದಲ ಸಾಲು

ಅಕ್ಷರವನ್ನು ಅನುಗ್ರಹಿಸಿದ ತಾಯಿಗೆ ಮೊದಲ ನಮಸ್ಕಾರ. ಹರಿವಾಣದ ಅಕ್ಕಿಯ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿದ ತಂದೆಯವರಿಗೆ, ಒಂದು ಸ್ವರ ಜಾರಿದರೂ ಮೊದಲಿನಿಂದ ಹೇಳಿಸದೆ ಬಿಡದಿದ್ದ ಪಾಠಶಾಲೆಯ ಗುರುಗಳಿಗೆ ಎರಡನೆಯದು. ಯಾವ ಶಾಸ್ತ್ರದಲ್ಲಿಯೂ ನಾನು ಓದಿರದ ಒಂದು ಯಂತ್ರವನ್ನು, ತಲೆ ನರೆತ ಮೇಲೆ, ನನ್ನ ಮುಂದೆ ತಂದಿರಿಸಿ ‘ಇದನ್ನೂ ಕಲಿ’ ಎಂದ ದೈವಕ್ಕೆ ಮೂರನೆಯದು. ಈ ಎಲ್ಲರ ಋಣವನ್ನು ನೆನೆದು, ಚನ್ನಗಿರಿಯಲ್ಲಿ ನಾವು ಒಂದು ಪುಟ್ಟ ಎಡಿಟರನ್ನು ಹದಗೊಳಿಸಿದ ಕಥೆಯನ್ನು ಹೇಳುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ನಾನು ಚನ್ನಗಿರಿಯ ಪ್ರೌಢಶಾಲೆಯಲ್ಲಿ ಸಂಸ್ಕೃತ ಮತ್ತು ಕನ್ನಡ ಹೇಳಿಕೊಡುತ್ತಿದ್ದೆ. ಆ ವರ್ಷ ನಮ್ಮ ಶಾಲೆಗೂ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನ ಒಂದೊಂದು ಶಾಲೆಗೂ ಒಂದೇ ಮಾದರಿಯ ಕಂಪ್ಯೂಟರುಗಳು ಬಂದವು. ನಮ್ಮಲ್ಲಿ ಅದರ ಹೊಣೆ ಗಣಿತದ ಮೇಷ್ಟ್ರಿಗೆ ಸೇರಿತು. ಅವರು ನಲ್ಲೂರಿನ ಮುಸ್ಲಿಂ ಮನೆತನದವರು, ಬೇಸಗೆಯ ತರಬೇತಿ ಶಿಬಿರಕ್ಕೆ ಹೋಗಿ ಬಂದಿದ್ದರು. ಬೀಗದ ಕೈ ಮಾತ್ರ ನನ್ನ ಬಳಿ ಇರಬೇಕೆಂದು ಮುಖ್ಯೋಪಾಧ್ಯಾಯರು ವಿಧಿಸಿದರು. ಗ್ರಂಥಭಂಡಾರದ ಬೀಗವನ್ನು ಅಷ್ಟು ವರ್ಷ ಕಾದವನು ಇದನ್ನೂ ಕಾಯುವನೆಂಬುದು ಅವರ ತರ್ಕ. ಹೀಗೆ ಬಾಗಿಲು ತೆರೆಯಲು ಹೋದವನು ಒಳಗೇ ಕುಳಿತುಬಿಟ್ಟೆ.

ಯಂತ್ರದೊಡನೆ ಬಂದಿದ್ದದ್ದು ಪತ್ರ ಬರೆಯುವ ಒಂದು ದೊಡ್ಡ ಸಾಫ್ಟ್‌ವೇರ್. ಕಪ್ಪು ಹಾಳೆಯಂತಹ ಒಂದು ಇಡೀ ಫ್ಲಾಪಿಯನ್ನು ಅದೇ ತುಂಬಿಕೊಂಡಿತ್ತು. ಪ್ರೋಗ್ರಾಂ ಎಂದರೆ ಯಂತ್ರಕ್ಕೆ ಹೇಳುವ ಆಜ್ಞೆಗಳ ಸರಣಿ. ಅದನ್ನು ಬರೆಯಲು ಈ ದೊಡ್ಡ ಸಾಫ್ಟ್‌ವೇರನ್ನು ಎಬ್ಬಿಸಬೇಕು, ಬರೆದು ಮುಗಿಸಿ ಅದನ್ನು ಮಲಗಿಸಬೇಕು, ಫ್ಲಾಪಿ ಬದಲಿಸಿ ಪ್ರೋಗ್ರಾಂ ಬರೆಯುವ ಬೇಸಿಕ್ ಎಂಬ ಭಾಷೆಯನ್ನು ಕರೆಯಬೇಕು. ಅಷ್ಟು ಮಾಡಿದರೂ ಪ್ರೋಗ್ರಾಂ ನಡೆಯದು. ಪತ್ರವನ್ನು ಅಂದವಾಗಿಸಲು ಆ ಸಾಫ್ಟ್‌ವೇರ್ ನಮ್ಮ ಕಣ್ಣಿಗೆ ಕಾಣದ ಗುರುತುಗಳನ್ನು ಸಾಲುಗಳ ನಡುವೆ ಸೇರಿಸುತ್ತಿತ್ತು, ಬೇಸಿಕ್ ಅವನ್ನು ಕಂಡು ಕಂಗೆಡುತ್ತಿತ್ತು.

“ಒಂದು ಮಡಿಗೆ ನೀರು ಹಾಯಿಸಾಕೆ ಸೂಳೆಕೆರೆ ತೂಬೇ ಎತ್ತಬೇಕೇನ್ರೀ ಪಂಡಿತ್ರೇ? ನಮಗೆ ಬೇಕಾಗಿರೋದು ಒಂದು ಸಣ್ಣ ಕಾಲುವೆ,” ಎಂದರು ಮೇಷ್ಟ್ರು.

ಆ ಕಾಲುವೆ ಅವರ ಬಳಿಯೇ ಇತ್ತು. ಶಿಬಿರದಲ್ಲಿ ಪಾಠ ಮಾಡಿದವರೊಬ್ಬರು ಪುಟ್ಟದೊಂದು ಎಡಿಟರನ್ನು, ಎಂದರೆ ಬರಿಯ ಅಕ್ಷರಗಳನ್ನು ಬರೆಯುವ, ತಿದ್ದುವ, ಉಳಿಸುವ ಕೆಲಸವೊಂದನ್ನೇ ಮಾಡುವ ಸಾಧನವನ್ನು, ಪ್ರತಿ ಮಾಡಿಕೊಟ್ಟಿದ್ದರು. ಅದು ಎಷ್ಟು ಹಗುರವೆಂದರೆ ಬೇಸಿಕ್ಕೂ ಅದೂ ಒಂದೇ ಫ್ಲಾಪಿಯಲ್ಲಿ ಕುಳಿತು ಮಕ್ಕಳ ಪ್ರೋಗ್ರಾಂಗಳಿಗೂ ಸ್ಥಳ ಉಳಿಯುತ್ತಿತ್ತು. ಆದರೆ ಕೈಪಿಡಿ ಇರಲಿಲ್ಲ. ಕೀಲಿಮಣೆಯ ಯಾವ ಕೀಲಿಗೆ ಯಾವ ಕೆಲಸ ಎಂಬುದನ್ನು ನಾವೇ ಗೊತ್ತು ಮಾಡಿಕೊಳ್ಳಬೇಕಿತ್ತು. ಮೊದಲ ಬಾರಿಗೆ ತೆರೆದಾಗ ಅದು ಒಂದೊಂದಾಗಿ ಕೇಳುತ್ತ ಹೋಯಿತು: ಉಳಿಸಲು ಯಾವ ಕೀಲಿ, ಸಾಲನ್ನು ಅಳಿಸಲು ಯಾವುದು, ಹುಡುಕಲು ಯಾವುದು. ವಿವಾಹಕ್ಕೆ ಮುನ್ನ ಎರಡು ಮನೆಯವರು ಕುಳಿತು ಪದ್ಧತಿಗಳನ್ನು ಮಾತಾಡಿಕೊಳ್ಳುವಂತೆ ನಾವಿಬ್ಬರೂ ಅದರೆದುರು ಕುಳಿತೆವು.

ಉದ್ದದ ಸಾಲನ್ನು ತಾನೇ ಮುರಿದು ಕೆಳಗಿಳಿಸುವ ಅಭ್ಯಾಸ ಅದಕ್ಕಿತ್ತು. ಆಜ್ಞೆಯನ್ನು ನಡುವೆ ಮುರಿದರೆ ಅನರ್ಥವಾಗುವುದರಿಂದ ಅದನ್ನು ನಿಲ್ಲಿಸಿದೆವು. ಅಳಿಸುವ ಕೀಲಿಯನ್ನು ಉಳಿಸುವ ಕೀಲಿಯಿಂದ ದೂರ ಇರಿಸಿದೆವು. ಯಂತ್ರ ಚಾಲೂ ಆದೊಡನೆ ಯಾರೂ ಕೇಳದೆ ಎಡಿಟರು ತಾನೇ ಬಂದು ನಿಲ್ಲುವಂತೆ ಮೇಷ್ಟ್ರು ವ್ಯವಸ್ಥೆ ಮಾಡಿದರು. ಇನ್ನೊಂದು ಪ್ರಶ್ನೆಯಲ್ಲಿ ಮಾತ್ರ ನಮಗೆ ಜಗಳವಾಯಿತು. ಬರಹವನ್ನು ತಿದ್ದಿ ಉಳಿಸಿದಾಗ ತಿದ್ದುವ ಮೊದಲಿನ ರೂಪವನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಲೇ, ಅಳಿಸಿಬಿಡಲೇ ಎಂದು ಎಡಿಟರು ಕೇಳಿತ್ತು.

“ಅಳಿಸಿಬಿಡ್ರಿ, ಜಾಗ ಸಾಲಾಕಿಲ್ಲ,” ಎಂದರು ಮೇಷ್ಟ್ರು.

ನಾನು ಒಪ್ಪಲಿಲ್ಲ. ಓಲೆಗರಿಗಳನ್ನು ಪ್ರತಿ ಮಾಡುವಾಗ ಹಿಂದಿನ ಪಾಠವನ್ನು ಎಸೆಯಕೂಡದೆಂದು ನನಗೆ ಕಲಿಸಿದ್ದರು. ತಿದ್ದಿದವನೇ ತಪ್ಪಿರಬಹುದು, ಹಳೆಯದೇ ಸರಿಯಿರಬಹುದು. “ಪಾಠಾಂತರ ಇರಲಿ,” ಎಂದೆ.

“ನಿಮ್ಮ ಪಾಠಾಂತರಕ್ಕೆ ಫ್ಲಾಪಿ ಬಾಡಿಗೆ ಯಾರು ಕೊಡ್ತಾರೆ?”

“ಬೀಗದ ಕೈ ಯಾರ ಹತ್ತಿರ ಇದೆ?” ಎಂದು ಕೇಳಿದೆ.

ಅವರು ನಕ್ಕು ‘ಇಟ್ಟುಕೊಳ್ಳಲಿ’ ಎಂಬುದಕ್ಕೆ ಕೀಲಿ ಒತ್ತಿದರು. ಒಂದೇ ಒಂದು ಹಿಂದಿನ ರೂಪ, ಅದಕ್ಕಿಂತ ಹೆಚ್ಚಿಲ್ಲ ಎಂದು ಕರಾರಾಯಿತು.

ಹೀಗೆ ಹದಗೊಂಡ ಎಡಿಟರನ್ನು ಮೊದಲು ಬೇಡಿದವರು ಜಗಳೂರಿನ ವಿಜ್ಞಾನದ ಅಧ್ಯಾಪಕಿ. ಹೊನ್ನಾಳಿಯಲ್ಲಿ ನಾಲ್ಕು ಶಾಲೆಗಳ ಅಧ್ಯಾಪಕರು ಒಂದು ದಿನ ಸೇರಿದ್ದೆವು. ಹೊಳೆಯ ಕಡೆಯ ಕಿಟಕಿಯ ಬಳಿ ಕುಳಿತು ಬುತ್ತಿ ಬಿಚ್ಚಿದಾಗ ಅವರು ತಮ್ಮ ಕಷ್ಟವನ್ನು ಹೇಳಿಕೊಂಡರು. ಅವರದು ಹೆಣ್ಣುಮಕ್ಕಳ ಶಾಲೆ. ಹುಡುಗಿಯರಿಗೆ ಈ ಯಂತ್ರವೇಕೆ, ಜಿಲ್ಲಾ ಕೇಂದ್ರದ ಹುಡುಗರ ಶಾಲೆಗೆ ಕಳಿಸೋಣ ಎಂದು ಅವರ ಆಡಳಿತ ಸಮಿತಿಯಲ್ಲಿ ಮಾತಾಗಿತ್ತು. ಕೊನೆಗೆ ಒಂದು ಷರತ್ತಿಗೆ ಬಂದು ನಿಂತಿತ್ತು: ಮೇಲಧಿಕಾರಿಗಳು ನೋಡಲು ಬರುವ ದಿನ ಹುಡುಗಿಯರು ತಾವೇ ಬರೆದ ಪ್ರೋಗ್ರಾಮನ್ನು ಅವರೆದುರು ನಡೆಸಿ ತೋರಿಸಬೇಕು. ತೋರಿಸಿದರೆ ಯಂತ್ರ ಜಗಳೂರಿನಲ್ಲಿ ಉಳಿಯುತ್ತದೆ, ಇಲ್ಲವಾದರೆ ಅದೇ ವಾರ ಲಾರಿ ಹತ್ತುತ್ತದೆ.

“ಹುಡುಗೇರು ಕಲಿಯಾಕೆ ತಯಾರದಾರೆ ಸಾರ್,” ಎಂದರು ಅವರು. “ಆ ದೊಡ್ಡ ಸಾಫ್ಟ್‌ವೇರ್ ಬಿಚ್ಚಿ ಮುಚ್ಚೋದ್ರಾಗೆ ಪಿರಿಯಡ್ಡೇ ಮುಗೀತೈತೆ. ಘಂಟೆ ಹೊಡೀತಾರೆ, ಅವರು ಎದ್ದು ಹೋಗ್ತಾರೆ.”

ಮೇಷ್ಟ್ರು ರೊಟ್ಟಿಯ ಚೂರನ್ನು ಕೈಯಲ್ಲಿ ಹಿಡಿದೇ ನನ್ನತ್ತ ನೋಡಿದರು. ಆ ವಾರವೇ ನಾವು ಮೂರು ಶಾಲೆಗಳಿಗೂ ಪ್ರತಿ ತೆಗೆದೆವು. ಫ್ಲಾಪಿಗಳನ್ನು ನನ್ನ ಪಾರಾಯಣದ ಗ್ರಂಥ ಸುತ್ತುವ ರೇಷ್ಮೆಯ ವಸ್ತ್ರದಲ್ಲಿ ಸುತ್ತಿ, ಧೂಳೂ ಬೆವರೂ ಸೋಕದಂತೆ ತೊಡೆಯ ಮೇಲಿರಿಸಿಕೊಂಡು ಬಸ್ಸಿನಲ್ಲಿ ಹೋದೆವು. ಪಕ್ಕದಲ್ಲಿ ಕುಳಿತವರೊಬ್ಬರು ಅದು ಸಾಲಿಗ್ರಾಮದ ಸಂಪುಟವೆಂದು ಭಾವಿಸಿ ಚಪ್ಪಲಿ ಕಳಚಿ ಕಾಲು ಮಡಿಚಿ ಕುಳಿತರು. ನಾನು ಅವರನ್ನು ತಿದ್ದಲಿಲ್ಲ. ಹೊನ್ನಾಳಿಯಲ್ಲಿಯೂ ನ್ಯಾಮತಿಯಲ್ಲಿಯೂ ಎಡಿಟರು ಮೊದಲ ಪ್ರಯತ್ನಕ್ಕೇ ಎದ್ದಿತು. ಅಲ್ಲಿ ಅಧ್ಯಾಪಕರೇ ಕುಳಿತು ಬೇಸಿಕ್ ಪುಸ್ತಕದ ಮಾದರಿ ಪ್ರೋಗ್ರಾಮನ್ನು ಒತ್ತಿ ನೋಡಿದರು, ಅದು ನಡೆಯಿತು. ಜಗಳೂರಿನಲ್ಲಿಯೂ ಆ ಅಧ್ಯಾಪಕಿ ಅದೇ ಮಾದರಿಯನ್ನು ಒತ್ತಿದರು, ಅಲ್ಲಿಯೂ ನಡೆಯಿತು. ಕೃತಾರ್ಥರಾದೆವೆಂದು ಹಿಂದಿರುಗಿದೆವು.

ಕೆಲವು ವಾರಗಳ ಮೇಲೆ ಜಗಳೂರಿನಿಂದ ಟ್ರಂಕ್ ಕಾಲ್ ಬಂದಿತು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮೇಷ್ಟ್ರು ರಿಸೀವರನ್ನು ಕಿವಿಗೊತ್ತಿ ಬಹಳ ಹೊತ್ತು ಕೇಳಿದರು.

“ಅಲ್ಲಿ ಹುಡುಗೇರು ಸ್ವಂತ ಬರೆದ ಪ್ರೋಗ್ರಾಂ ಒಂದೂ ನಡೀವಲ್ದಂತೆ,” ಎಂದರು ರಿಸೀವರ್ ಕೆಳಗಿಟ್ಟು. “ಯಂತ್ರ ನೋಡಾಕೆ ಸಾಹೇಬ್ರು ನಾಡಿದ್ದು ಬರ್ತಾರಂತೆ.”

ಮರುದಿನ ಬೆಳಗಿನ ಬಸ್ಸಿಗೆ ಹೊರಟೆವು. ದಾವಣಗೆರೆ ದಾಟಿದ ಮೇಲೆ ತೋಟಗಳು ತೆಳುವಾಗಿ, ಆಚೆ ಜೋಳದ ಮತ್ತು ಶೇಂಗಾದ ಹೊಲಗಳು ಹರಡಿಕೊಂಡವು. ದಾರಿಯುದ್ದಕ್ಕೂ ಮೇಷ್ಟ್ರು ಎಡಿಟರನ್ನೇ ಶಂಕಿಸುತ್ತಿದ್ದರು. ದೊಡ್ಡ ಸಾಫ್ಟ್‌ವೇರಿನಂತೆ ಇದೂ ಗುಟ್ಟಾಗಿ ಗುರುತುಗಳನ್ನು ಸೇರಿಸುತ್ತಿರಬಹುದೇ, ಅಥವಾ ಆ ಬಯಲುಸೀಮೆಯ ಧೂಳು ಫ್ಲಾಪಿಯೊಳಗೆ ಇಳಿದಿರಬಹುದೇ ಎಂಬುದು ಅವರ ಚಿಂತೆ.

ಶಾಲೆಯ ಕೊಠಡಿಯಲ್ಲಿ ಧೂಳಿನ ಕಣವೂ ಇರಲಿಲ್ಲ. ಹುಡುಗಿಯರು ಕಿಟಕಿಗಳಿಗೆ ಒದ್ದೆ ಗೋಣಿಯ ಪರದೆ ಕಟ್ಟಿದ್ದರು. ಅಧ್ಯಾಪಕಿಯ ಮುಖ ಬಾಡಿತ್ತು, ಧ್ವನಿ ಬಾಡಿರಲಿಲ್ಲ. ಸೊಕ್ಕೆ ಎಂಬ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳನ್ನು ಯಂತ್ರದ ಮುಂದೆ ಕೂರಿಸಿದರು. ಎಷ್ಟು ಎಕರೆಗೆ ಎಷ್ಟು ಸೇರು ಶೇಂಗಾ ಬೀಜ ಬೇಕೆಂದು ಹೇಳುವ ಪ್ರೋಗ್ರಾಮನ್ನು ಅವಳು ಬರೆದಿದ್ದಳು. ಅದನ್ನು ನಡೆಸಲು ಹೊರಟೊಡನೆ, ಕಡತದಲ್ಲಿ ಸಾಲಿನ ಸಂಖ್ಯೆಯಿಲ್ಲದ ಆಜ್ಞೆಯಿದೆ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ತೋರಿಸಿ ಬೇಸಿಕ್ ನಿಂತುಬಿಟ್ಟಿತು. ಬೇಸಿಕ್ಕಿನಲ್ಲಿ ಪ್ರತಿ ಸಾಲಿಗೂ ಮುಂದೊಂದು ಸಂಖ್ಯೆ ಇರಲೇಬೇಕು. ಅವಳ ಆಜ್ಞೆಗಳಿಗೆಲ್ಲ ಸಂಖ್ಯೆ ಇತ್ತು.

“ನಾನೂ ಒಂದೊಂದೇ ನೋಡೀನಿ ಸಾರ್,” ಎಂದರು ಅಧ್ಯಾಪಕಿ. “ಹತ್ತರಿಂದ ಹಿಡಿದು ಕೊನೀತನಕ ನಂಬರ್ ಸರಿಯಾಗೇ ಐತೆ.”

“ಹಂಗಾದ್ರೆ ನಮ್ಮ ಎಡಿಟರೇ ಏನೋ ಸೇರಿಸ್ತೈತೆ,” ಎಂದರು ಮೇಷ್ಟ್ರು. ಅವರ ಮಾತು ಸೋತಿತ್ತು. “ದೊಡ್ಡದಕ್ಕೇ ಹಿಂದಿರುಗಬೇಕಾಗ್ತದೇನೋ.”

ಹಾಗೆ ಹಿಂದಿರುಗಿದರೆ ನಾಳೆಯೊಳಗೆ ಏನೂ ಆಗುವಂತಿಲ್ಲವೆಂದು ನಮಗೆ ಮೂವರಿಗೂ ತಿಳಿದಿತ್ತು.

ಹೊಸದಾಗಿ, ಮೊದಲಿನಿಂದ, ನಮ್ಮೆದುರೇ ಬರೆಯಲಿ ಎಂದು ನಾನು ಕೇಳಿಕೊಂಡೆ. ಸೊಕ್ಕೆಯ ಹುಡುಗಿ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡು, ಕಣ್ಣಿಗೊತ್ತಿಕೊಂಡು, ಕಂಪ್ಯೂಟರಿನ ಪರದೆಯ ನೆತ್ತಿಯ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಶ್ರೀ’ ಎಂದು ಒತ್ತಿದಳು. ಕೆಳಗಿನ ಸಾಲಿಗೆ ಬಂದು ಹತ್ತು ಎಂದು ಸಂಖ್ಯೆ ಹಾಕಿ ಮೊದಲ ಆಜ್ಞೆ ಆರಂಭಿಸಿದಳು. ಯಾವ ಅಧ್ಯಾಪಕನಿಗೂ ಅದು ವಿಶೇಷವಾಗಿ ಕಾಣುವಂತಹದಲ್ಲ. ಪರೀಕ್ಷೆಯ ಉತ್ತರವಾಗಲಿ, ಅಂಗಡಿಯ ಚೀಟಿಯಾಗಲಿ, ಶ್ರೀಕಾರವಿಲ್ಲದ ಕಾಗದವನ್ನು ನಮ್ಮ ಕಡೆ ಯಾರು ಬರೆದಾರು? ನನ್ನ ಕಣ್ಣೂ ಅದರ ಮೇಲೆ ಹಾದು ಮುಂದೆ ಹೋಗಿತ್ತು.

ಮೇಷ್ಟ್ರು ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗಿಯ ಬರಹವನ್ನು ತೆರೆಸಿದರು. ಅವಳು ಅಲ್ಲಿಯ ಮುಸ್ಲಿಂ ದರ್ಜಿಯೊಬ್ಬರ ಮಗಳು. ಅವಳದಕ್ಕೆ ಬೇಸಿಕ್ ಬೇರೆಯೇ ದೂರು ಹೇಳುತ್ತಿತ್ತು, ಅಂತಹ ಸಂಖ್ಯೆಯ ಸಾಲೇ ಇಲ್ಲವೆಂದು. ಪರದೆಯ ನೆತ್ತಿಯಲ್ಲಿ, ಬೇರೇನೂ ಇಲ್ಲದೆ, 786 ಎಂದಿತ್ತು. ಬರಿಯ ಸಂಖ್ಯೆಯೊಂದನ್ನು ಬರೆದರೆ ಆ ಸಂಖ್ಯೆಯ ಸಾಲನ್ನು ಅಳಿಸು ಎಂದು ಬೇಸಿಕ್ ತಿಳಿಯುತ್ತದೆ. ಮೇಷ್ಟ್ರು ಅದನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು, ಆಮೇಲೆ ಕುರ್ಚಿಯ ಬೆನ್ನಿಗೆ ಒರಗಿ ಮೈಯೆಲ್ಲ ಕುಲುಕುವಂತೆ ನಗತೊಡಗಿದರು.

“ಪಂಡಿತ್ರೇ, ನಮ್ಮ ಮನೀಲಿ ಲಗ್ನಪತ್ರಿಕೇನೂ ಇದರಿಂದಲೇ ಶುರುವಾಗ್ತೈತೆ, ಇದು ಅಂಕಿಯಾಗೆ ಬರೆಯೋ ಬಿಸ್ಮಿಲ್ಲಾ. ಇಷ್ಟು ದಿನ ಕಣ್ಣ ಮುಂದೇನೇ ಐತಲ್ರೀ. ಎಡಿಟರ್ ತಪ್ಪೂ ಇಲ್ಲ, ಧೂಳಿನ ತಪ್ಪೂ ಇಲ್ಲ. ನಿಮ್ಮ ಶ್ರೀಗೆ ನಂಬರಿಲ್ಲ ಅಂತ ತಕರಾರು, ನಮ್ಮ ನಂಬರಿಗೆ ಸಾಲಿಲ್ಲ ಅಂತ ತಕರಾರು. ಬೇಸಿಕ್ಕು ಇಬ್ಬರನ್ನೂ ಬಾಗಿಲಾಗೇ ನಿಲ್ಲಿಸೈತೆ.”

ಎಲ್ಲ ಹುಡುಗಿಯರ ಬರಹವನ್ನೂ ತೆರೆದು ನೋಡಿದೆವು. ಎಲ್ಲದರ ನೆತ್ತಿಯಲ್ಲಿಯೂ ಒಂದೊಂದು ನಮಸ್ಕಾರವಿತ್ತು, ಕೆಲವು ಮನೆದೇವರ ಹೆಸರು, ಒಂದರಲ್ಲಿ ಬರಿಯ ಓಂಕಾರ. ಉಳಿದ ಮೂರು ಶಾಲೆಗಳಲ್ಲಿ ಮಕ್ಕಳಿನ್ನೂ ಸ್ವಂತದ್ದನ್ನು ಬರೆಯತೊಡಗಿರಲಿಲ್ಲ. ನಾವು ಅಧ್ಯಾಪಕರು ಪುಸ್ತಕದ ಮಾದರಿಯನ್ನು ಇದ್ದ ಹಾಗೆಯೇ ಒತ್ತಿದ್ದೆವು, ಅದರಲ್ಲಿ ಯಾವ ದೇವರೂ ಇರಲಿಲ್ಲ. ಹುಡುಗಿಯರು ತಮ್ಮದೆಂದು ಬರೆದಿದ್ದರು, ತಮ್ಮದನ್ನು ಹೇಗೆ ಆರಂಭಿಸಬೇಕೋ ಹಾಗೆ ಆರಂಭಿಸಿದ್ದರು.

“ಅಳಿಸಿಬಿಡ್ರೇ ಎಲ್ಲಾರೂ,” ಎಂದರು ಅಧ್ಯಾಪಕಿ ಒಮ್ಮೆಲೇ ಹಗುರಾಗಿ.

ಯಾರ ಬೆರಳೂ ಅಲುಗಲಿಲ್ಲ.

“ಟೀಚರ್, ಶ್ರೀ ಅಳಿಸಿದ್ರೆ ಪಾಸಾಗಾಕಿಲ್ಲ ಅಂತಾರ್ರೀ ನಮ್ಮವ್ವ,” ಎಂದಳು ಸೊಕ್ಕೆಯವಳು.

“ಬರೆಯದೇ ಇದ್ರೆ ಬ್ಯಾರೆ, ಬರೆದು ಅಳಿಸೋದು ಹೆಂಗ್ರೀ?” ಎಂದಳು ದರ್ಜಿಯ ಮಗಳು.

ಅಧ್ಯಾಪಕಿ ನನ್ನ ಮುಖ ನೋಡಿದರು. ಅಳಿಸಿರೆಂದು ನಾನು ಹೇಳಿದ್ದರೆ ಅಳಿಸುತ್ತಿದ್ದರೋ ಏನೋ. ಆದರೆ ನಂಬಿದ್ದನ್ನು ಬಾಗಿಲ ಹೊರಗೆ ಬಿಟ್ಟು ಬಂದರಷ್ಟೇ ಈ ವಿದ್ಯೆ ಒಲಿಯುತ್ತದೆ ಎಂಬ ಪಾಠವನ್ನು ಆ ಮಕ್ಕಳಿಗೆ ಮೊದಲ ದಿನವೇ ಕಲಿಸಲು ಮನಸ್ಸು ಬರಲಿಲ್ಲ.

ದಾರಿ ತೋರಿದವರು ಮೇಷ್ಟ್ರು. ಬೇಸಿಕ್ಕಿನಲ್ಲಿ ‘ರೆಮ್’ ಎಂಬ ಪದವೊಂದಿದೆ. ಸಾಲಿಗೆ ಸಂಖ್ಯೆ ಕೊಟ್ಟು ಆ ಪದವನ್ನು ಇಟ್ಟರೆ ಅದರ ಮುಂದೆ ಬರೆದದ್ದನ್ನು ಯಂತ್ರ ಓದದೆ ಗೌರವದಿಂದ ದಾಟಿಹೋಗುತ್ತದೆ. ಬರೆದವನು ಮುಂದೆ ಓದುವವನಿಗಾಗಿ ಇಡುವ ಟಿಪ್ಪಣಿಯ ಸ್ಥಳ ಅದು. ಸೂತ್ರದ ಪಕ್ಕದಲ್ಲಿ ವ್ಯಾಖ್ಯಾನಕಾರನಿಗೆ ಬಿಡುವ ಅಂಚಿನಂತೆ ನನಗೆ ತೋರಿತು. ವ್ಯಾಖ್ಯಾನವೂ ಮಂಗಳಾಚರಣೆಯಿಂದಲೇ ಮೊದಲಾಗುವುದಲ್ಲವೇ? ಆದರೂ ಒಂದು ಅಳುಕು ಉಳಿಯಿತು. “ಯಂತ್ರ ಓದದ ಸಾಲಿನಲ್ಲಿ ದೇವರ ಹೆಸರೇ?” ಎಂದೆ.

“ದೇವರು ಓದ್ತಾನಲ್ರೀ, ಸಾಕು. ಯಂತ್ರ ಓದಿ ಏನು ಮಾಡ್ತೈತೆ?” ಎಂದರು ಅಧ್ಯಾಪಕಿ.

ಆ ಮಧ್ಯಾಹ್ನ ನಾವು ಎಡಿಟರಿಗೆ ಮತ್ತೊಂದು ಏರ್ಪಾಡು ಮಾಡಿದೆವು. ‘ಹೊಸ’ ಎಂದು ಒತ್ತಿ ತಮ್ಮ ಪ್ರೋಗ್ರಾಮಿಗೆ ಒಂದು ಹೆಸರು ಕೊಟ್ಟರೆ ಖಾಲಿ ಪರದೆ ಬರುವುದಿಲ್ಲ. ಒಂದು ಎಂಬ ಸಂಖ್ಯೆ, ರೆಮ್ ಎಂಬ ಪದ, ಅದರ ಮುಂದೆ ಬರಿದು ಜಾಗ, ಇಷ್ಟಿರುವ ಮೊದಲ ಸಾಲಿನೊಡನೆ ಎಡಿಟರು ತೆರೆಯುತ್ತದೆ. ಆ ಬರಿದು ಜಾಗದಲ್ಲಿ ಏನು ಬರೆಯಬೇಕೆಂದು ನಾವು ವಿಧಿಸಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ತಮ್ಮ ನಮಸ್ಕಾರವನ್ನು ಅಲ್ಲಿಗೆ ತಂದುಕೊಂಡ ಮೇಲಷ್ಟೇ ನೆತ್ತಿಯಲ್ಲಿದ್ದುದನ್ನು ತೆಗೆದರು. ಸೊಕ್ಕೆಯವಳ ಪ್ರೋಗ್ರಾಂ ಮೊದಲು ಓಡಿತು. ‘ಎಷ್ಟು ಎಕರೆ’ ಎಂದು ಕಂಪ್ಯೂಟರ್ ಕೇಳಿದಾಗ ಇಡೀ ಕೊಠಡಿ ಅದಕ್ಕೆ ಬಾಯಿಯಿಂದಲೇ ಉತ್ತರಿಸಿತು.

ಮರುದಿನ ಸಾಹೇಬರು ಬಂದರು, ಸಮಿತಿಯ ಹಿರಿಯರೂ ಬಂದು ಹಿಂದೆ ಸಾಲಾಗಿ ನಿಂತರು. ಸೊಕ್ಕೆಯ ಹುಡುಗಿ ಎಕರೆ ಕೇಳಿಸಿ ಸೇರಿನ ಲೆಕ್ಕ ತೋರಿಸಿದಳು. ಸಾಹೇಬರು ಮೃದುವಾಗಿ, ಆದರೆ ಸುಲಭಕ್ಕೆ ಒಪ್ಪದ ಧ್ವನಿಯಲ್ಲಿ, “ಇದು ಬಾಯಿಪಾಠ ಮಾಡಿದ್ದು ಇರಬಹುದು. ಸೇರು ಬೇಡ, ಕಿಲೋದಲ್ಲಿ ಹೇಳುವ ಹಾಗೆ ಇಲ್ಲೇ ಬದಲಾಯಿಸು ನೋಡೋಣ,” ಎಂದರು.

ಅವಳು ಎಡಿಟರನ್ನು ಕರೆದಳು, ಅದು ಕಣ್ಣು ಮಿಟುಕಿಸುವುದರೊಳಗೆ ಬಂದಿತು. ಲೆಕ್ಕದ ಸಾಲಿಗೆ ಇಳಿದಳು. ಆಗ ಅವಸರದಲ್ಲಿ ಬೆರಳು ಸಾಲು ಅಳಿಸುವ ಕೀಲಿಯ ಮೇಲೆ ಊರಿ ನಿಂತುಬಿಟ್ಟಿತು. ಸಾಲಿನ ಹಿಂದೆ ಸಾಲು, ಕಟಾವಿನ ಪೈರಿನಂತೆ, ಪರದೆಯಿಂದ ಹೋದವು. ಗಾಬರಿಯಲ್ಲಿ ಅವಳು ಉಳಿಸುವ ಕೀಲಿಯನ್ನೂ ಒತ್ತಿದಳು. ಅರ್ಧ ಪ್ರೋಗ್ರಾಂ ಉಳಿಯಿತು, ಅರ್ಧ ಇಲ್ಲವಾಯಿತು. ಮೇಷ್ಟ್ರು ನನ್ನ ಮೊಣಕೈ ಹಿಡಿದುಕೊಂಡರು. ಹಿಂದೆ ನಿಂತವರಲ್ಲೊಬ್ಬರು, “ನಾ ಹೇಳಿರಲಿಲ್ಲೇನು,” ಎಂದದ್ದು ಎಲ್ಲರಿಗೂ ಕೇಳಿತು.

ಹುಡುಗಿ ತಿರುಗಿ ನೋಡಲಿಲ್ಲ.

“ಹಳೇದು ಐತ್ರಿ ಸಾರ್,” ಎಂದಳು. “ಎಡಿಟರ್ ಮುಚ್ಚಿಟ್ಟಿರ್ತೈತೆ.”

ತಿದ್ದುವ ಮೊದಲಿನ ರೂಪವನ್ನು ಅದರ ಬೇರೆ ಹೆಸರಿನಿಂದ ಕರೆದಳು. ಮೊದಲ ಸಾಲಿನ ಶ್ರೀಯಿಂದ ಹಿಡಿದು ಕೊನೆಯ ಆಜ್ಞೆಯವರೆಗೂ ಇಡೀ ಪ್ರೋಗ್ರಾಂ ಬಂದು ನಿಂತಿತು. ಈ ಬಾರಿ ಒಂದೊಂದೇ ಕೀಲಿಯನ್ನು ನೋಡಿ ಒತ್ತಿ, ಲೆಕ್ಕ ತಿದ್ದಿ, ಉಳಿಸಿ, ನಡೆಸಿದಳು. ಕಿಲೋದಲ್ಲಿ ಉತ್ತರ ಬಂದಿತು. ಸಮಿತಿಯ ಹಿರಿಯರಲ್ಲೊಬ್ಬರು ತಮ್ಮ ಹೊಲದ ಎಕರೆ ಹೇಳಿ ಕೇಳಿಸಿ, ಬೆರಳುಗಳ ಮೇಲೆ ಎಣಿಸಿ, “ಬರೋಬ್ಬರಿ ಐತೆ,” ಎಂದರು.

ಸಾಹೇಬರು ಪರದೆಗೆ ಬಾಗಿ, ಮೊದಲ ಸಾಲನ್ನು ತೋರಿಸಿ, “ಇದರಿಂದ ಏನು ಉಪಯೋಗ? ಇದಿಲ್ಲದೆಯೂ ನಡೆಯುತ್ತದಲ್ಲ?” ಎಂದು ಕೇಳಿದರು.

“ಅದು ನಡೀತೈತ್ರಿ. ನನಗೆ ಬರೆಯಾಕೆ ಕೈ ಬರಾಕಿಲ್ಲ,” ಎಂದಳು ಹುಡುಗಿ.

ಸಾಹೇಬರು ನಕ್ಕರು. ಯಂತ್ರ ಇಲ್ಲಿಯೇ ಇರಲಿ ಎಂದು ಸಮಿತಿಯವರ ಕಡೆ ತಿರುಗಿ ಹೇಳಿದರು. ಅಧ್ಯಾಪಕಿ ಸೆರಗಿನಿಂದ ಮುಖ ಒರೆಸಿಕೊಂಡು, ಕಿಟಕಿಯ ಗೋಣಿ ಒಣಗಿದೆ, ನೀರು ಚಿಮುಕಿಸಿರೆಂದು ಹುಡುಗಿಯರಿಗೆ ಅಪ್ಪಣೆ ಮಾಡಿದರು.

ಹಿಂದಿರುಗುವ ಬಸ್ಸಿನಲ್ಲಿ ಮೇಷ್ಟ್ರು, “ನಿಮ್ಮ ಪಾಠಾಂತರದ ಬಾಡಿಗೆ ಇವತ್ತು ಚುಕ್ತಾ ಆಯ್ತು ಬಿಡ್ರಿ,” ಎಂದರು. ನಾನು, “ರೆಮ್ ಪದದ ಬಾಡಿಗೆಯೂ ಆಯಿತು,” ಎಂದೆ. ಆ ಮೊದಲ ಸಾಲಿನ ಏರ್ಪಾಡನ್ನು ಚನ್ನಗಿರಿಯ ಫ್ಲಾಪಿಗೂ ಸೇರಿಸಿದೆವು, ಅದೇ ರೇಷ್ಮೆಯ ವಸ್ತ್ರದಲ್ಲಿ ಸುತ್ತಿ ಹೊನ್ನಾಳಿಗೂ ನ್ಯಾಮತಿಗೂ ಒಯ್ದೆವು. ಕಾಶಿಯಲ್ಲಿ ಓದಿದವರ ಎದುರು ಕುಳಿತು ವಾಕ್ಯಾರ್ಥ ಮಾಡಿದ ದಿನಗಳೂ ನನ್ನ ಬಾಳಿನಲ್ಲಿವೆ, ಶಾಲು ಹೊದಿಸಿಕೊಂಡ ದಿನಗಳೂ ಇವೆ. ಆದರೆ ನಿನ್ನ ಕೈಯಿಂದ ಆದದ್ದೇನು ಎಂದು ಯಾರಾದರೂ ಕೇಳಿದರೆ, ನಾಲ್ಕು ಊರಿನ ಮಕ್ಕಳಿಗೆ ಒಂದು ಬರಿದು ಸಾಲನ್ನು ಕೊಟ್ಟೆವು ಎಂದು ಎದೆಯುಬ್ಬಿಸಿಯೇ ಹೇಳುತ್ತೇನೆ. ಆ ಹೆಮ್ಮೆಯನ್ನು ಭಗವಂತ ಕ್ಷಮಿಸುವನೆಂದು ನಂಬಿದ್ದೇನೆ.

ಆ ಪುಟ್ಟ ಎಡಿಟರನ್ನು ಎಲ್ಲಿಯೋ ಕುಳಿತು ಹೆಣೆದ, ಮುಖ ಕಾಣದ ಕೈಗಳು ತಂಪಾಗಿರಲಿ. ನಲ್ಲೂರಿನ ಆ ಗಣಿತಜ್ಞರ ನಗೆ ಅವರ ಮೊಮ್ಮಕ್ಕಳ ಬಾಯಿಗೂ ಇಳಿದು ಬರಲಿ. ಜಗಳೂರಿನ ಆ ಅಧ್ಯಾಪಕಿ ತೆರೆದಿಟ್ಟ ಬಾಗಿಲು ಎಂದೂ ಮುಚ್ಚದಿರಲಿ. ಸಂದೇಹಿಸಿದ ಹಿರಿಯರ ಹೊಲಗಳಲ್ಲಿ ಬೀಜಕ್ಕೆ ತಕ್ಕ ಬೆಳೆ ಬರಲಿ, ಪರೀಕ್ಷಿಸಿದ ಸಾಹೇಬರಿಗೆ ಆಯುಸ್ಸು ದೊರೆಯಲಿ. ಒದ್ದೆ ಗೋಣಿಯ ನೆರಳಿನಲ್ಲಿ ಬೆರಳು ಒರೆಸಿಕೊಂಡು ಕುಳಿತ ಆ ಹೆಣ್ಣುಮಕ್ಕಳು, ಈಗ ತಾಯಂದಿರೋ ಅಜ್ಜಿಯರೋ ಆಗಿರುವವರು, ಯಾವ ಕೆಲಸಕ್ಕೆ ಕೈಯಿಟ್ಟರೂ ಮೊದಲ ಸಾಲು ಅವರದೇ ಆಗಿರಲಿ, ತಪ್ಪಿ ಅಳಿಸಿದ್ದು ಅವರಿಗೆ ಮರಳಿ ಸಿಗಲಿ.